ಉಬ್ಬು ಹಲಗೆಯ ಗಿಟಾರು

ಗಿಟಾರು ಅಂದ ಕೂಡಲೇ ನಿಮ್ಮ ಕಣ್ಮುಂದೆ ಬರೋದು ಚಪ್ಪಟೆ ಹಲಗೆ, ಅದರ ನಡುವೆ ಒಂದು ದುಂಡು ತೂತು. ಸಿನಿಮಾದಲ್ಲಿ, ಶಾಲಾ ವಾರ್ಷಿಕೋತ್ಸವದಲ್ಲಿ ನಾವು ಕಂಡಿರೋದು ಅದನ್ನೇ. ಇನ್ನೊಂದು ಜಾತಿಯ ಗಿಟಾರೂ ಇದೆ. ಅದರ ಮೇಲಿನ ಹಲಗೆ ಪಿಟೀಲಿನ ಹಾಗೆ ನಡುವೆ ಉಬ್ಬಿ, ಅಂಚಿನ ಕಡೆಗೆ ಇಳಿಯುತ್ತದೆ. ದುಂಡು ತೂತಿನ ಬದಲು ಎರಡು ಪಕ್ಕದಲ್ಲೂ ಇಂಗ್ಲಿಷಿನ ‘ಎಫ್’ ಅಕ್ಷರದಂಥ ಸೀಳು. ಇದರ ಹೆಸರು ಆರ್ಚ್‌ಟಾಪ್. ಆರ್ಚ್ ಅಂದರೆ ಕಮಾನು.

ಅಮೆರಿಕದ ಮಿಷಿಗನ್ ರಾಜ್ಯದ ಕಲಮಜೂ ಊರಿನಲ್ಲಿ ಆರ್ವಿಲ್ ಗಿಬ್ಸನ್ ಎಂಬಾತ 1890ರ ದಶಕದಲ್ಲಿ ಹೀಗೆ ಹಲಗೆ ಕೆತ್ತಿ ವಾದ್ಯ ಮಾಡತೊಡಗಿದ. ಅವನ ಹೆಸರಿನ ಕಂಪನಿ 1922ರಲ್ಲಿ ‘ಎಫ್’ ಸೀಳಿನ ಎಲ್-5 ಗಿಟಾರನ್ನು ಹೊರತಂದಿತು. ಆಗ ಗಿಟಾರಿಗೆ ವಿದ್ಯುತ್ ವರ್ಧಕ ಇರಲಿಲ್ಲ. ಜಾಝ್ ಮೇಳದಲ್ಲಿ ಪಕ್ಕದವನು ಟ್ರಂಪೆಟ್ ಊದುತ್ತಾನೆ, ಹಿಂದಿನವನು ಡ್ರಮ್ ಬಾರಿಸುತ್ತಾನೆ; ಗಿಟಾರಿನವನ ಪಾಡೇನು? ಆ ಗದ್ದಲ ಸೀಳಿಕೊಂಡು ಹೋಗುವ ದನಿ ಮರದಿಂದಲೇ ಬರಬೇಕಿತ್ತು.

ಇದಕ್ಕೆ ಕಮಾನು ಯಾಕೆ ಬೇಕು? ಒಂದು ಪ್ರಯೋಗ ಮಾಡಿ. ಎರಡು ದಪ್ಪ ಪುಸ್ತಕಗಳನ್ನು ಗೇಣು ದೂರದಲ್ಲಿಟ್ಟು ಮೇಲೆ ಒಂದು ರಟ್ಟಿನ ಕಾಗದ ಹಾಸಿ. ನಡುವೆ ನಾಣ್ಯ ಇಟ್ಟರೆ ಕಾಗದ ಜಗ್ಗುತ್ತದೆ. ಈಗ ಅದೇ ಕಾಗದವನ್ನು ಮೇಲಕ್ಕೆ ಬಾಗಿಸಿ, ಎರಡು ತುದಿಯೂ ಪುಸ್ತಕಕ್ಕೆ ಒತ್ತಿ ನಿಲ್ಲುವಂತೆ ಮಾಡಿ. ನಾಣ್ಯ ಅದೇ, ಕಾಗದ ಅದೇ, ಆದರೆ ಈ ಸಲ ತಡೆದುಕೊಳ್ಳುತ್ತದೆ. ಮೇಲಿನ ಭಾರವನ್ನು ಕಮಾನು ಎರಡೂ ಕಡೆಗೆ ದಾಟಿಸಿಬಿಡುತ್ತದೆ. ಜತ್ ಮತ್ತು ಅಕ್ಕಲಕೋಟೆಯವರಿಗೆ ವಿಜಯಪುರ ದೂರವೇನಲ್ಲ. ಗೋಲಗುಂಬಜದೊಳಗೆ ನಿಂತು ತಲೆಯೆತ್ತಿ ನೋಡಿ: ಸುಮಾರು 38 ಮೀಟರ್ ಅಗಲ, ನಡುವೆ ಒಂದು ಕಂಬವೂ ಇಲ್ಲ.

ಗಿಟಾರಿನ ಮೇಲೂ ಭಾರ ಇದೆ, ಕಣ್ಣಿಗೆ ಕಾಣೋದಿಲ್ಲ ಅಷ್ಟೇ. ಆರು ಉಕ್ಕಿನ ತಂತಿಗಳನ್ನು ಶ್ರುತಿಗೆ ಬಿಗಿದಾಗ ಒಟ್ಟು ಎಳೆತ ಸುಮಾರು 75 ಕಿಲೋ ತೂಕದಷ್ಟಾಗುತ್ತದೆ. ಚಪ್ಪಟೆ ಗಿಟಾರಿನಲ್ಲಿ ತಂತಿ ಹೊರುವ ಕುದುರೆಯನ್ನು ಹಲಗೆಗೇ ಅಂಟಿಸಿರುತ್ತಾರೆ. ತಂತಿಗಳು ಅದನ್ನು ಕಿತ್ತುಹಾಕುವಂತೆ ಎಳೆಯುತ್ತಲೇ ಇರುತ್ತವೆ. ಆರ್ಚ್‌ಟಾಪಿನ ಕುದುರೆಗೆ ಅಂಟೇ ಇಲ್ಲ. ತಂತಿಗಳು ಅದರ ಮೇಲೆ ಹಾದು, ವೀಣೆಯ ನಾಗಪಾಶದಂಥ ಒಂದು ಪಟ್ಟಿಗೆ ಸಿಕ್ಕಿಕೊಂಡು, ವಾದ್ಯದ ತುದಿಯಲ್ಲಿ ಕೊನೆಯಾಗುತ್ತವೆ. ತಂತಿಗಳ ಒತ್ತಡವೇ ಕುದುರೆಯನ್ನು ಹಿಡಿದಿಟ್ಟಿರುತ್ತದೆ.

ಆ ಒತ್ತಡ ಎಷ್ಟು? ಹತ್ತನೆಯ ತರಗತಿಯವರು ಲೆಕ್ಕ ಹಾಕಬಹುದು. ಕುದುರೆಯ ಎರಡೂ ಕಡೆ ತಂತಿ 7 ಡಿಗ್ರಿ ಇಳಿಜಾರಾಗಿದೆ ಅಂತ ಇಟ್ಟುಕೊಳ್ಳಿ. ಸೈನ್ 7 ಡಿಗ್ರಿ ಸುಮಾರು 0.12. ಒಂದು ಕಡೆಯಿಂದ 75 × 0.12, ಅಂದರೆ 9 ಕಿಲೋ. ಎರಡೂ ಸೇರಿ 18. ಹೆಚ್ಚುಕಡಿಮೆ ಒಂದು ಕೊಡ ನೀರಿನ ಭಾರ ಹಗಲೂ ರಾತ್ರಿ ಆ ಪುಟ್ಟ ಕುದುರೆಯ ಮೇಲೆ ಕೂತಿರುತ್ತದೆ. ಅದರ ಕೆಳಗಿನ ಹಲಗೆಯ ದಪ್ಪ ನಡುವೆ ಐದಾರು ಮಿಲಿಮೀಟರ್, ಅಂಚಿನ ಹತ್ತಿರ ಇನ್ನೂ ಕಡಿಮೆ.

ಭಾರ ಹೊರೋದಷ್ಟೇ ಆಗಿದ್ದರೆ ದಪ್ಪ ಹಲಗೆ ಹಾಕಿ ಮುಗಿಸಬಹುದಿತ್ತು. ಆದರೆ ದಪ್ಪ ಹಲಗೆ ಅಲುಗಾಡದು, ಅಲುಗಾಡದಿದ್ದರೆ ದನಿಯಿಲ್ಲ. ತಂತಿ ತೀರ ಸಣ್ಣದು, ತಾನೊಂದೇ ಗಾಳಿಯನ್ನು ಹೆಚ್ಚು ದೂಡಲಾರದು. ಶ್ರುತಿಕವೆಯನ್ನು ಬಡಿದು ಬರೀ ಕೈಯಲ್ಲಿ ಹಿಡಿದಾಗ ಕೇಳೋ ದನಿಗೂ, ಅದರ ಕಾಲನ್ನು ಮೇಜಿಗೆ ಊರಿದಾಗ ಕೇಳೋ ದನಿಗೂ ಇರುವ ವ್ಯತ್ಯಾಸ ನಿಮಗೆ ಗೊತ್ತಲ್ಲ, ಇಲ್ಲಿ ಮೇಜಿನ ಕೆಲಸ ಹಲಗೆಯದು. ಗಟ್ಟಿಯಾಗಿಯೂ ಇರಬೇಕು, ಹಗುರವಾಗಿಯೂ ಇರಬೇಕು. ಅದಕ್ಕೇ ಸ್ಪ್ರೂಸ್ ಮರ. ತೂಕ ಕಡಿಮೆ, ಆದರೂ ನಾರಿನ ಉದ್ದಕ್ಕೆ ಶಬ್ದ ಸೆಕೆಂಡಿಗೆ 5000 ಮೀಟರಿಗೂ ಹೆಚ್ಚು ವೇಗದಲ್ಲಿ ಓಡುತ್ತದೆ. ಗಾಳಿಯಲ್ಲಿ ಅದು ಬರೀ 340. ನಾರಿಗೆ ಅಡ್ಡಲಾಗಿ ಮಾತ್ರ ಸ್ಪ್ರೂಸಿನಲ್ಲೂ ವೇಗ ತುಂಬ ಕಡಿಮೆ.

ಕುಶಲಕರ್ಮಿ ಸ್ಪ್ರೂಸಿನ ತುಂಡೊಂದನ್ನು ಉದ್ದಕ್ಕೆ ಸೀಳಿ, ಪುಸ್ತಕ ತೆರೆದ ಹಾಗೆ ಬಿಡಿಸಿ, ಅಂಚಿಗೆ ಅಂಚು ಅಂಟಿಸುತ್ತಾನೆ. ಆಗ ಎಡಕ್ಕೂ ಬಲಕ್ಕೂ ನಾರು ಒಂದೇ ಥರ ಇರುತ್ತದೆ. ಹಲಗೆಯನ್ನು ಬಾಗಿಸೋದಿಲ್ಲ. ದಪ್ಪ ಮರದಿಂದ ಉಬ್ಬನ್ನೇ ಕಡೆದು ತೆಗೆಯುತ್ತಾನೆ, ಮೊದಲು ಉಳಿ, ಆಮೇಲೆ ಅಂಗೈಯಲ್ಲಿ ಅಡಗುವಂಥ ಪುಟ್ಟ ಹತ್ತರಿ. ಹೊರಗಿನ ಆಕಾರ ಬಂದ ಮೇಲೆ ಒಳಗಡೆಯಿಂದ ಕೆರೆಯುತ್ತ ಹೋಗಬೇಕು. ನಡುನಡುವೆ ಹಲಗೆಯನ್ನು ಎರಡು ಬೆರಳಲ್ಲಿ ಹಿಡಿದು ತಟ್ಟಿ ಕೇಳುತ್ತಾನೆ. ಸಂತೆಯಲ್ಲಿ ಮಡಕೆ ಕೊಳ್ಳುವಾಗ ಅಜ್ಜಿ ಗೆಣ್ಣಿನಿಂದ ತಟ್ಟಿ ಕಿವಿಗೊಡ್ತಾರಲ್ಲ, ಹಾಗೇ.

ಎಲ್ಲಿಗೆ ನಿಲ್ಲಿಸಬೇಕು ಅನ್ನೋದೇ ಇಲ್ಲಿ ಕಷ್ಟ. ಚಪ್ಪಟೆ ಹಲಗೆಯೊಂದು ಬಾಗದೆ ನಿಲ್ಲುವ ಗುಣ ಅದರ ದಪ್ಪದ ಘನಕ್ಕೆ ಅನುಗುಣವಾಗಿರುತ್ತದೆ. 5 ಮಿಲಿಮೀಟರನ್ನು 4.5 ಮಾಡಿದರೆ ತೂಕ ಇಳಿಯೋದು 10 ಶೇಕಡಾ. ಬಿಗಿತ? 0.9 × 0.9 × 0.9, ಅಂದರೆ 0.73, ಶೇಕಡಾ 27 ಹೋಯಿತು! ಉಬ್ಬು ಹಲಗೆಯಲ್ಲಿ ಲೆಕ್ಕ ಇನ್ನೂ ತೊಡಕು, ಯಾಕಂದರೆ ಕಮಾನಿನದೇ ಬಿಗಿತವೂ ಸೇರಿಕೊಳ್ಳುತ್ತದೆ. ಜೊತೆಗೆ ಒಂದು ಮರದ ಹಾಗೆ ಇನ್ನೊಂದು ಇರೋದಿಲ್ಲ, ಹಾಗಾಗಿ ಒಂದು ಹಲಗೆಯ ಅಳತೆ ಇನ್ನೊಂದಕ್ಕೆ ಸರಿಹೊಂದದು. ಒಂದು ಎಳೆ ಹೆಚ್ಚಾಗಿ ಕೆರೆದರೆ ಮತ್ತೆ ಅಂಟಿಸೋಕಾಗಲ್ಲ. ಇಂಥ ಗಿಟಾರುಗಳ ಚಿತ್ರ ನೋಡಿದವರು ಮೊದಲು ಮೆಚ್ಚೋದು ಹೊಳಪನ್ನು, ಹಿಂಬದಿಯ ಮೇಪಲ್ ಮರದ ಹುಲಿಪಟ್ಟೆಯನ್ನು, ಮುತ್ತಿನ ಚಿಪ್ಪಿನ ಕೆತ್ತನೆಯನ್ನು. ನನ್ನನ್ನು ಕೇಳಿದರೆ, ಆ ಅರ್ಧ ಮಿಲಿಮೀಟರ್ ತಿಳಿದ ಕೈ ದೊಡ್ಡದು.

ಅಂಥ ಕೈ ನ್ಯೂಯಾರ್ಕಿನ ಜಾನ್ ಡಿ ಆಂಜೆಲಿಕೊ ಅವರದು. ಬಾಲಕನಾಗಿದ್ದಾಗಲೇ ಬಂಧುವೊಬ್ಬರ ಬಳಿ ಪಿಟೀಲು, ಮ್ಯಾಂಡೊಲಿನ್ ಮಾಡೋದನ್ನು ಕಲಿತ ಇವರು 1932ರಲ್ಲಿ ಕೆನ್‌ಮೇರ್ ಬೀದಿಯಲ್ಲಿ ಸ್ವಂತ ಅಂಗಡಿ ತೆರೆದರು. ಜೀವಮಾನವಿಡೀ ದುಡಿದು ಮಾಡಿದ ಆರ್ಚ್‌ಟಾಪ್‌ಗಳು 1164. ಕಾರ್ಖಾನೆಯ ಲೆಕ್ಕದಲ್ಲಿ ಇದು ಏನೂ ಅಲ್ಲ. ಅವುಗಳ ಅಂಚುಪಟ್ಟಿ, ಗೀರು ತಡೆಯುವ ಫಲಕ ಎಲ್ಲ ಸೆಲ್ಯುಲಾಯ್ಡ್. ಇದು ಹತ್ತಿಯ ಸೆಲ್ಯುಲೋಸಿಗೆ ನೈಟ್ರಿಕ್ ಆಮ್ಲ ಸೇರಿಸಿ ಮಾಡಿದ ಹಳೇ ಕಾಲದ ಪ್ಲಾಸ್ಟಿಕ್. ದಶಕಗಳು ಕಳೆದಂತೆ ಅದು ತಾನೇ ಒಡೆದು, ಆಮ್ಲದ ಆವಿ ಬಿಟ್ಟು, ಪಕ್ಕದ ಲೋಹವನ್ನೂ ತಿನ್ನುತ್ತದೆ. ಮರ ಗಟ್ಟಿಮುಟ್ಟಾಗಿರುವಾಗಲೇ ಪ್ಲಾಸ್ಟಿಕ್ ಪುಡಿಯಾಗುತ್ತಿರುತ್ತದೆ!

1952ರಲ್ಲಿ ಜಿಮ್ಮಿ ಡಿ ಅಕ್ವಿಸ್ಟೊ ಎಂಬ ಹುಡುಗ ಆ ಅಂಗಡಿಗೆ ಕೆಲಸ ಕಲಿಯಲು ಬಂದ. ಹನ್ನೆರಡು ವರ್ಷದ ಮೇಲೆ, 1964ರಲ್ಲಿ, ಗುರು 59ನೆಯ ವಯಸ್ಸಿನಲ್ಲಿ ತೀರಿಕೊಂಡಾಗ ಅರ್ಧಕ್ಕೆ ನಿಂತಿದ್ದ ಗಿಟಾರುಗಳನ್ನು ಅವನೇ ಮುಗಿಸಿದ. ಮುಂದೆ ತನ್ನದೇ ದಾರಿ ಹಿಡಿದು, ತಂತಿ ಸಿಕ್ಕಿಸುವ ಭಾರದ ಲೋಹದ ಪಟ್ಟಿಯನ್ನು ಬಿಟ್ಟು ಕರಿಮರದ್ದನ್ನು ಹಾಕಿದ. ಲೋಹದ ಹೊರೆ ಇಳಿಯಿತು. 1995ರಲ್ಲಿ ಅವನೂ ತೀರಿಕೊಂಡ, ಗುರುವಿನಂತೆ 59ಕ್ಕೇ.

ನಮ್ಮ ದೇಶಕ್ಕೂ ಈ ವಾದ್ಯ ಬಂದಿದೆ. ವಿಶ್ವಮೋಹನ ಭಟ್ ನುಡಿಸುವ ಮೋಹನವೀಣೆ ಮಾರ್ಪಡಿಸಿದ ಆರ್ಚ್‌ಟಾಪೇ. ಆರು ತಂತಿಯ ಜಾಗದಲ್ಲಿ ಅಲ್ಲಿ ಸುಮಾರು 20 ಇವೆ! ಅಷ್ಟು ಎಳೆತ ತಡೆಯೋಕೆ ಕಮಾನು ಎಷ್ಟು ನೆರವಾಗುತ್ತದೆ ಅಂತ ಮೇಲಿನ ಲೆಕ್ಕ ಮಾಡಿದವರಿಗೆ ಬೇರೆ ಹೇಳಬೇಕಿಲ್ಲ. ಇನ್ನು ನಮ್ಮ ಮೀರಜಿನ ತಂಬೂರಿ ನೋಡಿ, ಅದರ ಬುರುಡೆಯ ಕಮಾನನ್ನು ಯಾರೂ ಕೆತ್ತಿಲ್ಲ, ಬಳ್ಳಿಯಲ್ಲಿ ಸೋರೆಕಾಯಿ ತಾನೇ ಬೆಳೆಸಿಕೊಂಡದ್ದು.

ಡಿ ಅಕ್ವಿಸ್ಟೊ ಕೊನೆಯ ವರ್ಷಗಳಲ್ಲಿ ಒಂದು ನೀಲಿ ಗಿಟಾರು ಮಾಡಿದ್ದ. ಅದನ್ನು ಕೊಂಡ ಸ್ಕಾಟ್ ಚಿನರಿ ಎಂಬ ಸಂಗ್ರಾಹಕ ಬೇರೆ 22 ಕುಶಲಕರ್ಮಿಗಳಿಗೆ, ಎಲ್ಲರೂ 18 ಇಂಚು ಅಗಲದ, ಅದೇ ನೀಲಿ ಬಣ್ಣದ ಆರ್ಚ್‌ಟಾಪ್ ಮಾಡಿಕೊಡಿ ಅಂದ. ಮಾಡಿಕೊಟ್ಟರು. ಅಗಲ ಒಂದೇ, ಬಣ್ಣ ಒಂದೇ, ದನಿ ಮಾತ್ರ ಒಂದೊಂದರದು ಒಂದೊಂದು ಥರ. ಇದನ್ನು ನಿಮ್ಮ ಪ್ರಯೋಗದ ಪುಸ್ತಕದಲ್ಲಿ ಬರೆಯೋದಾದರೆ, ಬದಲಾಗದೆ ಉಳಿದದ್ದು ಯಾವುದು, ಬದಲಾದದ್ದು ಏನೇನು? ಪಟ್ಟಿ ಮಾಡಿ ತರಗತಿಗೆ ತನ್ನಿ.