ಹಗ್ಗ ಸವೆಯುವುದು ಒಂದೇ ಗೇಣಿನಲ್ಲಿ

ನಮ್ಮೂರು ಹುಲಿಹೈದರ. ಮೊದಲು ಗಂಗಾವತಿ ತಾಲೂಕು, ಈಗ ಕನಕಗಿರಿ ತಾಲೂಕು. ತುಂಗಭದ್ರಾ ಎಡದಂಡೆ ಕಾಲುವೆ ನೀರು ಗಂಗಾವತಿ, ಕಾರಟಗಿ ಕಡೆ ಭತ್ತ ಬೆಳೆಸುತ್ತದೆ. ನಮ್ಮ ಮಸಾರಿ ಹೊಲಕ್ಕೆ ಮಳೆಯೇ ಗತಿ. ಸಜ್ಜೆ, ತೊಗರಿ, ಶೇಂಗಾ. ಜೊತೆಗೆ ಒಂದು ಬೋರು. ಆ ಬೋರಿನ ಮೋಟರಿಗೆ ಕಟ್ಟಿದ ಹಗ್ಗದ ಬಗ್ಗೆ ಬರೆಯುತ್ತಿದ್ದೇನೆ. ಹಗ್ಗದ ಬಗ್ಗೆ ಬರಿಯೋದೇನೈತಿ ಅನ್ನಬಹುದು. ನಾನೂ ಹಂಗೇ ಅಂದುಕೊಂಡಿದ್ದೆ, ಅದು ಹರಿಯೋತನಕ.

ಮೋಟರು ಹೋದ ದಿನ

2019ರ ಬೇಸಿಗೆ. ಶೇಂಗಾ ಹೂವಿಗೆ ಬಂದಿತ್ತು. ಮೋಟರು ಸುಟ್ಟಿತು. 240 ಅಡಿ ಕೆಳಗಿನಿಂದ ಎತ್ತಬೇಕು. ಹಿಂದೆ ಮೂರು ಸಲ ಮಾಡಿದಂತೆ ಕರಿ ಪೈಪು, ಹಗ್ಗ ಎರಡನ್ನೂ ಟ್ರ್ಯಾಕ್ಟರಿಗೆ ಕಟ್ಟಿ ಎಳೆದೆವು. ಅರ್ಧಕ್ಕೆ ಬಂದಿರಬೇಕು, ಮೋಟರಿನ ತಲೆ ಹತ್ತಿರ ಪೈಪು ಕಳಚಿತು. ಭಾರವೆಲ್ಲ ಹಗ್ಗದ ಮೇಲೆ ಬಿತ್ತು, ಹಗ್ಗ ಪಟ್ಟನೆ ಹರಿಯಿತು. ಹರಿದ ತುದಿ ಹಾವಿನಂಗ ಚಿಮ್ಮಿ ನನ್ನ ಮಗನ ಕಿವಿ ಪಕ್ಕದಲ್ಲೇ ಹೋಯಿತು. ಒಂದು ಗೇಣು ಈ ಕಡೆ ನಿಂತಿದ್ದರೆ ಕಣ್ಣು ಹೋಗುತ್ತಿತ್ತು.

ಎರಡು ದಿನ ಕೊಕ್ಕೆ ಬಿಟ್ಟು ಹುಡುಕಿದರೂ ಮೋಟರು ಸಿಗಲಿಲ್ಲ. ಮೋಟರು, ವೈರು, ಅರ್ಧ ಶೇಂಗಾ ಹೋದವು.

ಕೈಗೆ ಉಳಿದ ಹಗ್ಗವನ್ನು ಅಂಗಳದಾಗ ಹಾಸಿ ನೋಡಿದೆ. ಎಲ್ಲ ಕಡೆ ಗಟ್ಟಿ. ಹರಿದ ಜಾಗ ಮಾತ್ರ ಚಪ್ಪಟೆಯಾಗಿ, ಕೂದಲೆದ್ದು, ಬೆಳ್ಳಗಾಗಿತ್ತು. ಮೋಟರು ಕೆಳಗಿದ್ದಾಗ ಕೇಸಿಂಗ್ ಪೈಪಿನ ಬಾಯಿಗೆ ತಾಗಿಕೊಂಡಿರುತ್ತಿದ್ದ ಜಾಗವೇ ಅದು. ಕರೆಂಟು ಬಂದು ಮೋಟರು ಶುರುವಾದಾಗೆಲ್ಲ ಒಂದು ತಿರುಚು, ಒಂದು ಜಗ್ಗು. ನಮ್ಮ ಕರೆಂಟು ದಿನಕ್ಕೆ ಎಷ್ಟು ಸಲ ಹೋಗಿ ಬರುತ್ತದೆ, ನಿಮಗೇ ಗೊತ್ತು. ಅಷ್ಟೂ ಸಲ ಅದೇ ಗೇಣು ಕಬ್ಬಿಣಕ್ಕೆ ಉಜ್ಜುತ್ತದೆ. ಮೇಲೆ ಬಿಸಿಲು ಬೇರೆ.

ಅಪ್ಪನ ಮಾತು

ಅಪ್ಪನಿಗೆ ತೋರಿಸಿದೆ. ಕಪಿಲೆ ಹೊಡೆದ ಕೈ ಅದು. “ಹಗ್ಗ ಹಳೇದಾಗಿ ಹರಿಯಲ್ಲೋ ತಮ್ಮಾ, ಒಂದ ಕಡೆ ತಿಂದು ಹರೀತೈತಿ. ನಾವು ಪುಂಡಿನಾರಿನ ಹಗ್ಗಾನ ಎಂಟು ದಿನಕ್ಕೊಮ್ಮೆ ಮೊಳ ಸರಿಸಿ ಕಟ್ಟತಿದ್ವಿ. ಗಾಲಿ ಮ್ಯಾಲೆ ದಿನಾ ಒಂದ ಜಾಗ ಕುಂದ್ರಬಾರದು” ಅಂದರು. ಪುಂಡಿಯ ಹಗ್ಗಕ್ಕೆ ಇದ್ದ ಬುದ್ಧಿ ನೈಲಾನ್ ಬಂದಮೇಲೆ ನಾವು ಬಿಟ್ಟಿದ್ದೆವು.

ಈಗ ನಾನು ಮಾಡುವುದು

ಹೊಸ ಮೋಟರು ಇಳಿಸುವ ಮೊದಲು ಕೇಸಿಂಗ್ ಬಾಯಿಯನ್ನು ಅರದಿಂದ ತಿಕ್ಕಿ ನುಣುಪು ಮಾಡಿದೆ. ಬೆರಳು ಆಡಿಸಿದರೆ ಎಲ್ಲೂ ಚುಚ್ಚಬಾರದು.

ದೊಡ್ಡ ಹಗ್ಗದ ಮೇಲಿನ ತುದಿಗೆ ಕುಣಿಕೆ ಹಾಕಿ, ಅದನ್ನು ಬಾಯಿಯಿಂದ ಒಂದು ಮೊಳ ಒಳಗೇ ನಿಲ್ಲಿಸಿದ್ದೇನೆ. ಕುಣಿಕೆಯಿಂದ ಮೇಲಿನ ಕ್ಲಾಂಪಿಗೆ ಅಷ್ಟೇ ದಪ್ಪದ, ಆರಡಿ ಉದ್ದದ ಬೇರೆ ಹಗ್ಗ. ಇದಕ್ಕೆ ನಾವು ತಲೆಹಗ್ಗ ಅಂತೀವಿ. ಬಾಯಿಗೆ ತಾಗುವ ಕಡೆ ಎರಡಡಿ ಹಳೇ ರಬ್ಬರ್ ಪೈಪು ತೊಡಿಸಿದ್ದೇನೆ. ಸವೆಯುವುದಿದ್ದರೆ ಪೈಪಿನ ಚೂರು ಸವೆಯಲಿ, ತಲೆಹಗ್ಗ ಸವೆಯಲಿ. ದೊಡ್ಡ ಹಗ್ಗ ಉಳಿಯಲಿ.

ಪ್ರತಿ ವರ್ಷ ಮುಂಗಾರಿಗೆ ಮೊದಲು ತಲೆಹಗ್ಗ ಬದಲಿಸುತ್ತೇನೆ. ಮೊದಲು ಫ್ಯೂಸ್ ತೆಗೆಯಬೇಕು. ಹೊಸ ತುಂಡನ್ನು ಕುಣಿಕೆಗೆ ಹಾಕಿ ಕ್ಲಾಂಪಿಗೆ ಬಿಗಿದ ಮೇಲೆಯೇ ಹಳೆಯದನ್ನು ಬಿಚ್ಚಬೇಕು. ಇದು ತಪ್ಪಿದರೆ ಹಗ್ಗ ಬೋರಿನ ಪಾಲು.

ಮೋಟರು ಎತ್ತುವಾಗ ತಲೆಹಗ್ಗ ಹಿಡಿದು ಎಳೆಯಬೇಡಿ, ದೊಡ್ಡ ಹಗ್ಗದ ಕುಣಿಕೆಗೇ ಕಟ್ಟಿ. ಬಾಯಿಯ ಅಂಚಿನ ಮೇಲೆ ಎಳೆಯುವುದನ್ನೂ ಬಿಟ್ಟಿದ್ದೇವೆ. ಮೂರು ಕಾಲಿನ ಕಂಬ ನಿಲ್ಲಿಸಿ ಗಾಲಿ ಮೇಲೆ ಎಳೆಯುತ್ತೇವೆ. ಗಾಲಿಯ ಅಗಲ ಹಗ್ಗದ ದಪ್ಪದ ಎಂಟು ಪಟ್ಟಾದರೂ ಇರಲಿ. ಸಣ್ಣ ಗಾಲಿಯಲ್ಲಿ ಹಗ್ಗ ಮುರುಟಿ ಒಳಗಿನ ಎಳೆ ಕಡಿಯುತ್ತದೆ. ಕೈಯಲ್ಲಿ ತಿರುಗಿಸುವ ರಾಟೆಗೆ ಸುತ್ತುವವರು ಒಂದರ ಪಕ್ಕ ಒಂದು ಸುತ್ತು ಬರುವಂತೆ ನೋಡಿಕೊಳ್ಳಿ. ಸುತ್ತಿನ ಮೇಲೆ ಸುತ್ತು ಬಿದ್ದರೆ ಭಾರಕ್ಕೆ ಮೇಲಿನದು ಕೆಳಗಿನದನ್ನು ತಿನ್ನುತ್ತದೆ.

ಎತ್ತಿದ ಮೇಲೆ ಹಗ್ಗದ ಮಣ್ಣು ತೊಳೆದು ನೆರಳಲ್ಲಿ ಆರಿಸಿ. ಉಸುಕು ಎಳೆಯೊಳಗೆ ಕುಳಿತರೆ ಗರಗಸದಂಗ ಕೊಯ್ಯುತ್ತದೆ. ಮತ್ತೆ ಇಳಿಸುವಾಗ ತುದಿ ಬದಲಿಸಿ. ಕೆಳಗಿನದು ಮೇಲೆ, ಮೇಲಿನದು ಕೆಳಗೆ. ನಡುವೆ ಗಂಟು ಹಾಕಿ ಜೋಡಿಸಿದ ಹಗ್ಗವನ್ನು ಬೋರಿಗೆ ಬಿಡಬೇಡಿ. ಗಂಟು ಬಿದ್ದ ಕಡೆ ಹಗ್ಗದ ತಾಕತ್ತು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ.

ಅಂಗಡಿಯಲ್ಲಿ ನೈಲಾನ್ ಅಂತ ಕೊಡುವುದೆಲ್ಲ ನೈಲಾನ್ ಅಲ್ಲ. ಒಂದು ಚೂರು ಕತ್ತರಿಸಿ ನೀರಿಗೆ ಹಾಕಿ, ಅದುಮಿ ಬಿಡಿ. ನೈಲಾನ್ ಮುಳುಗುತ್ತದೆ. ಪಾಲಿಪ್ರೊಪಿಲೀನ್ ಅನ್ನುವ ಅಗ್ಗದ ಹಗ್ಗ ತೇಲುತ್ತದೆ. ಅದು ಬಿಸಿಲಿಗೆ ಬೇಗ ಪುಡಿಯಾಗುತ್ತದೆ.

ಯಾವ ಹಗ್ಗವಾದರೂ ಎಳೆ ಬಿಡಿಸಿ ನೋಡಿ. ಒಳಗೆ ಪುಡಿ ಉದುರಿದರೆ, ಮುಟ್ಟಿದಾಗ ಬಿರುಸಾಗಿದ್ದರೆ, ಅದನ್ನು ಮೋಟರಿಗೆ ಕಟ್ಟಬೇಡಿ.

ಇನ್ನೆರಡು ಮಾತು

ಎಳೆಯುವಾಗ ಹಗ್ಗದ ನೇರಕ್ಕೆ ಯಾರೂ ನಿಲ್ಲಬಾರದು, ಮಕ್ಕಳಂತೂ ಹತ್ತಿರ ಇರಲೇಬಾರದು. ಮೋಟರು ರಿಪೇರಿಗೆ ಹೋದಾಗ ಬೋರಿನ ಬಾಯಿ ಭದ್ರವಾಗಿ ಮುಚ್ಚಿ. 2024ರ ಏಪ್ರಿಲ್‌ದಾಗ ಇಂಡಿ ತಾಲೂಕಿನ ಲಚ್ಯಾಣದಲ್ಲಿ ಕೊಳವೆ ಬಾವಿಗೆ ಬಿದ್ದ ಪುಟ್ಟ ಮಗು ಜೀವಂತ ಸಿಕ್ಕಿತು. ಎಲ್ಲ ಮಕ್ಕಳಿಗೂ ಆ ಪುಣ್ಯ ಇರುವುದಿಲ್ಲ.

2019ರ ನಂತರ ನಾನು ಎರಡು ಸಲ ಮೋಟರು ಎತ್ತಿದ್ದೇನೆ. ದೊಡ್ಡ ಹಗ್ಗ ಅದೇ ಇದೆ. ತಲೆಹಗ್ಗ ಮಾತ್ರ ವರ್ಷಕ್ಕೊಂದು, ಆರಡಿ ಹಗ್ಗದ ರೊಕ್ಕ. ಬಿಚ್ಚಿದ ಹಳೇ ತುಂಡುಗಳನ್ನು ಪಡಸಾಲೆಯ ಗೂಟಕ್ಕೆ ನೇತು ಹಾಕಿದ್ದೇನೆ. ಎಲ್ಲವೂ ಅದೇ ಒಂದು ಗೇಣಿನಲ್ಲಿ ಸವೆದಿವೆ. ಬಂದವರಿಗೆ ತೋರಿಸುತ್ತೇನೆ. ನಿಮ್ಮ ಕಡೆ ಇದಕ್ಕಿಂತ ಚಲೋ ಉಪಾಯ ಇದ್ದರೆ ಬರೀರಿ, ನಾವೂ ಮಾಡಿ ನೋಡತೀವಿ.