ಕೀಬೋರ್ಡ್ ಹೊಳೀತಿದೆಯಾ? ಖುಷಿ ಪಡಬೇಡಿ!

ನಿಮ್ಮ ಲ್ಯಾಪ್‌ಟಾಪ್‌ನ ಸ್ಪೇಸ್‌ಬಾರ್ ನೋಡಿ. ಹೆಬ್ಬೆರಳು ಬೀಳೋ ಜಾಗ ಮಾತ್ರ ಮಿರಮಿರ ಅಂತಿದೆಯಾ? ಒರೆಸಿ ನೋಡಿ. ಹೋದರೆ ಅದು ಬೆರಳಿನ ಜಿಡ್ಡು. ಹೋಗದಿದ್ದರೆ ಪ್ಲಾಸ್ಟಿಕ್‌ನ ತರಿತರಿ ಮೇಲ್ಮೈಯೇ ಸವೆದು ನುಣುಪಾಗಿದೆ, ಯಾವ ಕ್ಲೀನರ್ ಕೂಡ ಆ ತರಿಯನ್ನ ವಾಪಸ್ ತರಲ್ಲ. ಬಹಳಷ್ಟು ಕೀಗಳು ಎಬಿಎಸ್ ಪ್ಲಾಸ್ಟಿಕ್ಕು. ಪಿಬಿಟಿ ಅನ್ನೋ ಇನ್ನೊಂದು ಪ್ಲಾಸ್ಟಿಕ್‌ಗಿಂತ ಇದು ಬೇಗ ಹೀಗಾಗುತ್ತೆ.

ಒರೆಸೋ ಮೊದಲು ಶಟ್‌ಡೌನ್ ಮಾಡಿ, ಚಾರ್ಜರ್ ತೆಗೀರಿ. ಲ್ಯಾಪ್‌ಟಾಪ್ ಓರೆಯಾಗಿ ಹಿಡಿದು ಮೆತ್ತನೆ ಬ್ರಷ್‌ನಲ್ಲಿ ಚೌಚೌ ಪುಡಿ ಉದುರಿಸಿ. ಹೌದು, ಮೀಟಿಂಗ್ ಮಧ್ಯೆ ಮೈಕ್ ಮ್ಯೂಟ್ ಮಾಡಿ ತಿಂದಿದ್ದೇ! ಆಮೇಲೆ ಮೈಕ್ರೋಫೈಬರ್ ಬಟ್ಟೆಗೆ ಶೇ. 70ರ ಐಸೊಪ್ರೊಪೈಲ್ ಆಲ್ಕೋಹಾಲ್ ಸ್ವಲ್ಪವೇ ತಾಗಿಸಿ, ಹಗುರವಾಗಿ ಒರೆಸಿ. ಕೀ ಮೇಲೆ ನೇರ ಸ್ಪ್ರೇ ಬೇಡ, ದ್ರವ ಒಳಗಿಳಿದರೆ ಸರ್ಕ್ಯೂಟ್‌ಗೇ ಕುತ್ತು. ನೇಲ್ ಪಾಲಿಶ್ ರಿಮೂವರ್ ಅಂತೂ ಮುಟ್ಟಲೇಬೇಡಿ, ಅದರಲ್ಲಿ ಸಾಮಾನ್ಯವಾಗಿ ಇರೋ ಅಸಿಟೋನ್ ಎಬಿಎಸ್ ಅನ್ನೇ ಕರಗಿಸುತ್ತೆ.

ಕೀಬೋರ್ಡ್‌ಗೆ ಸಿಲಿಕೋನ್ ಕವರ್? ನನಗಂತೂ ಒಪ್ಪಿಗೆಯಿಲ್ಲ. ತೆಳು ಲ್ಯಾಪ್‌ಟಾಪ್‌ಗಳಲ್ಲಿ ಸ್ಕ್ರೀನ್‌ಗೂ ಕೀಗೂ ಮಧ್ಯೆ ಜಾಗವೇ ಇರಲ್ಲ. ಕವರ್ ಸಮೇತ ಮುಚ್ಚಿದರೆ ಒತ್ತಡ ಸ್ಕ್ರೀನ್ ಮೇಲೆ. ಅದರ ಬದಲು ತಿಂದಾದ ಮೇಲೆ ಕೈ ತೊಳೆದು, ಒರೆಸಿಕೊಂಡು ಟೈಪ್ ಮಾಡೋಕೆ ಕೂತ್ಕೊಳ್ಳಿ.