ಮರದ ಸಿಂಗಳೀಕ, ಆಳದ ತಾಟೆ

ಮಿರಜ ಸೀಮೆಯ ಲಿಂಗನೂರಿನವರಿಗೂ ಮೈಸೂರಿನವರಿಗೂ ಪರಿಚಿತವಾದ ಮಂಗವೊಂದಿದೆ: ತಲೆಯ ಮೇಲೆ ಟೊಪ್ಪಿಗೆಯಂತೆ ಕೂದಲು ಹರಡಿಕೊಂಡು ಗುಡಿ, ರಸ್ತೆ, ಹೊಲ ಎಲ್ಲೆಂದರಲ್ಲಿ ಬದುಕುವುದು. ಹೆಚ್ಚುಕಡಿಮೆ ವರ್ಷಕ್ಕೊಂದು ಮರಿ ಹಾಕುತ್ತದೆ, ಸಿಕ್ಕಿದ್ದನ್ನು ತಿನ್ನುತ್ತದೆ.

ಅದರ ನೆಂಟ ಸಿಂಗಳೀಕದ ಬಾಳುವೆಯೇ ಬೇರೆ. ಕಪ್ಪು ಮೈ, ಮುಖದ ಸುತ್ತ ಬೂದುಬಣ್ಣದ ಕೇಸರ, ಬಾಲದ ತುದಿಗೆ ಕುಚ್ಚು. ಪಶ್ಚಿಮ ಘಟ್ಟದ ಮಳೆಕಾಡು ಬಿಟ್ಟರೆ ಜಗತ್ತಿನ ಬೇರಾವ ಕಾಡಿನಲ್ಲೂ ಇಲ್ಲ. ದಿನದ ಬಹುಪಾಲು ಮರದ ಮೇಲೆಯೇ ಕಳೆಯುವ ಇದು ಶಿರಸಿ–ಹೊನ್ನಾವರದ ಕಾಡಿನಲ್ಲಿ ಉಪ್ಪಾಗೆ ಹಣ್ಣನ್ನು ಬಿಡಿಸಿ, ಕೆನ್ನೆಯ ಚೀಲದಲ್ಲಿ ತುಂಬಿಕೊಂಡು ಮುಂದಿನ ಕೊಂಬೆಗೆ ಸಾಗುತ್ತದೆ. ಹೆಣ್ಣು ಮೊದಲ ಮರಿ ಹಾಕುವುದು ಆರು ವರ್ಷ ದಾಟಿದ ಮೇಲೆ. ಮುಂದಿನದಕ್ಕೆ ಎರಡೂವರೆ, ಮೂರು ವರ್ಷ ಬೇಕು.

ಇದೇ ನಿಧಾನ ಅರಬ್ಬೀ ಸಮುದ್ರದ ಆಳದಲ್ಲೂ ಇದೆ. ನೂರಾರು ಮೀಟರ್ ಕೆಳಗೆ, ಬೆಳಕು ಸುಳಿಯದಲ್ಲಿ, ದೊಡ್ಡ ಹಸಿರು ಕಣ್ಣಿನ ಗಲ್ಪರ್ ಶಾರ್ಕ್ ಬದುಕುತ್ತದೆ. ಕರಾವಳಿಯಲ್ಲಿ ತಾಟೆ ಎಂದು ಕರೆಯುವ ಶಾರ್ಕ್‌ಗಳ ಬಳಗಕ್ಕೆ ಸೇರಿದ್ದಿದು. ಮೈಯೊಳಗೆ ಮೂಳೆಯಿಲ್ಲ, ಬರೀ ಮೃದ್ವಸ್ಥಿ. ಬೆನ್ನಿನ ಎರಡೂ ರೆಕ್ಕೆಗಳ ಮುಂದೆ ಒಂದೊಂದು ಮುಳ್ಳು. ಗಾಳಿಚೀಲವಿಲ್ಲದ ಈ ಮೀನನ್ನು ಮುಳುಗದಂತೆ ಹಿಡಿದಿಡುವುದು ಎಣ್ಣೆ ತುಂಬಿದ ಭಾರಿ ಪಿತ್ತಜನಕಾಂಗ. ಬಸಿರು ಸುಮಾರು ಎರಡು ವರ್ಷ. ಹುಟ್ಟುವುದು ಸಾಮಾನ್ಯವಾಗಿ ಒಂದೋ ಎರಡೋ ಮರಿ.

ಆ ಎಣ್ಣೆಯೇ ಅದಕ್ಕೆ ಮುಳುವಾಯಿತು. ಅದರಲ್ಲಿರುವ ಸ್ಕ್ವಾಲೀನ್ ಮುಖಕ್ಕೆ ಹಚ್ಚುವ ಕ್ರೀಮುಗಳಿಗೆ ಬೇಕು. 2000ರ ದಶಕದ ಮೊದಲ ವರ್ಷಗಳಲ್ಲಿ ಕೊಚ್ಚಿಯಿಂದ ಹೊರಟ ದೋಣಿಗಳು ಆಳಸಮುದ್ರಕ್ಕೆ ಗಾಳ ಇಳಿಸಿದವು. ದಶಕ ಮುಗಿಯುವಷ್ಟರಲ್ಲಿ ಗಾಳಕ್ಕೆ ಸಿಗುವ ಶಾರ್ಕ್‌ಗಳ ಪ್ರಮಾಣ ಕುಸಿದಿತ್ತು. ಇಲ್ಲಿನ ಗಲ್ಪರ್ ಜಾತಿಗಳಲ್ಲೊಂದು ಈಗ ಅಳಿವಿನ ತೀರಾ ಅಂಚಿನಲ್ಲಿದೆ. ವರ್ಷವರ್ಷವೂ ರಾಶಿಗಟ್ಟಲೆ ಮೊಟ್ಟೆಯಿಡುವ ಬಂಗುಡೆಯ ಲೆಕ್ಕದಲ್ಲಿ ಇದನ್ನು ಹಿಡಿದದ್ದೇ ತಪ್ಪು.

ಸಿಂಗಳೀಕಕ್ಕೆ ಕಾನೂನಿನ ಆಸರೆಯಾದರೂ ಸಿಕ್ಕಿತು. ಶಿರಸಿ–ಹೊನ್ನಾವರದಲ್ಲಿ ಮೂವತ್ತಕ್ಕೂ ಹೆಚ್ಚು ಗುಂಪುಗಳಿರುವುದನ್ನು ಸಂಶೋಧಕರು ಗುರುತಿಸಿದ ಮೇಲೆ 2011ರಲ್ಲಿ ಅಘನಾಶಿನಿ ಸಂರಕ್ಷಣಾ ಮೀಸಲು, 2019ರಲ್ಲಿ ಶರಾವತಿ ಕಣಿವೆಯ ಸಿಂಗಳೀಕ ಅಭಯಾರಣ್ಯ ಬಂದವು. ಆದರೆ ಉಪ್ಪಾಗೆಯ ಸಿಪ್ಪೆಗೆ ಮಾರುಕಟ್ಟೆಯಿದೆ. ಮಳೆಗಾಲದಲ್ಲಿ ಅದೇ ಮರದ ಕೆಳಗೆ ಮನುಷ್ಯರೂ ನಿಲ್ಲುತ್ತಾರೆ. ಅವರಿಗೂ ಅದು ಸಂಪಾದನೆ, ಬೇಡವೆನ್ನಲಾಗದು. ಮರವನ್ನು ಪೂರ್ತಿ ಬರಿದು ಮಾಡದೆ ಒಂದಿಷ್ಟು ಹಣ್ಣು ಉಳಿಸಿದರೆ ಸಾಕು.

ಕಡಲಿನ ಜೀವಕ್ಕೆ ಒಳನಾಡಿನವರೂ ನೆರವಾಗಬಹುದು. ಸ್ಕ್ವಾಲೀನ್ ಆಲಿವ್‌ನಿಂದಲೂ ಸಿಗುತ್ತದೆ, ಕಬ್ಬಿನ ಸಕ್ಕರೆಯಿಂದಲೂ ತಯಾರಾಗುತ್ತದೆ. ಕ್ರೀಮು ಕೊಳ್ಳುವಾಗ ಅದು ಸಸ್ಯಮೂಲದ್ದೇ ಎಂದು ಕೇಳಿ ತೆಗೆದುಕೊಳ್ಳಿ.